ಎರಡನೆಯವನ ಅಂಕಕ್ಕೊಂದು ಚುಕ್ಕೆ

ಕೆಲಸದ ನಿಮಿತ್ತ ಪೋಲೆಂಡಿನ ವ್ರೊಟ್ಸ್ವಾಫ್ ನಗರಕ್ಕೆ ಬಂದು ನೆಲೆಸಿದ ನಾನು ಇಲ್ಲಿನ ಸ್ಪೀಡ್‌ವೇ ಬೈಕ್ ರೇಸನ್ನು ಮನಸ್ಸಿಟ್ಟು ನೋಡತೊಡಗಿದ್ದು 2021ರಲ್ಲಿ. ಬ್ರೇಕೇ ಇಲ್ಲದ, ಒಂದೇ ಗೇರಿನ, ಮೆಥನಾಲಿನಿಂದ ಓಡುವ 500 ಸಿಸಿ ಬೈಕುಗಳ ಮೇಲೆ ನಾಲ್ವರು ಸವಾರರು ಕಲ್ಲುಪುಡಿ ಹಾಸಿದ ಅಂಡಾಕಾರದ ಟ್ರ್ಯಾಕನ್ನು ನಾಲ್ಕು ಸುತ್ತು ಹಾಕುತ್ತಾರೆ. ತಿರುವು ಬಂದಾಗ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಒರಸುತ್ತ ಸಾಗುತ್ತಾರೆ. ಒಂದು ಓಟ ಮುಗಿಯಲು ಸುಮಾರು ಒಂದು ನಿಮಿಷ ಸಾಕು. ಮೊದಮೊದಲು ನಾನು ಗೆದ್ದವನನ್ನು ಮಾತ್ರ ನೋಡುತ್ತಿದ್ದೆ. ಎರಡನೆಯವನನ್ನು ನೋಡಲು ಕಲಿಸಿದವರು ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು.

ಇಲ್ಲಿನ ಅಗ್ರ ಲೀಗಾದ ಎಕ್ಸ್ಟ್ರಾಲಿಗಾದಲ್ಲಿ ಪ್ರತಿ ಓಟಕ್ಕೂ ತಂಡಕ್ಕಿಬ್ಬರಂತೆ ಇಳಿಯುತ್ತಾರೆ. ಅಂಕಗಳು 3, 2, 1, 0. ಹದಿನೈದು ಓಟಗಳಿಗೆ ಒಟ್ಟು 90 ಅಂಕ, 46 ಮುಟ್ಟಿದವರಿಗೆ ಪಂದ್ಯ. ಅಜ್ಜಿ ತೊಡೆಯ ಮೇಲೆ ಪಂದ್ಯದ ಪಟ್ಟಿಯನ್ನಿಟ್ಟುಕೊಂಡು ಪ್ರತಿ ಓಟದ ಫಲಿತಾಂಶವನ್ನು ಪೆನ್ನಿನಲ್ಲಿ ತುಂಬುತ್ತಿದ್ದರು. ಒಬ್ಬ ಸವಾರನ 2ರ ಪಕ್ಕದಲ್ಲಿ ಅವರು ಸಣ್ಣದೊಂದು ಚುಕ್ಕೆ ಇಟ್ಟಾಗ ಅದೇನೆಂದು ಕೇಳಿದೆ. ತನ್ನ ತಂಡದವನ ಬೆನ್ನಿಗೇ ಗುರಿ ಮುಟ್ಟಿದವನಿಗೆ ಬೋನಸ್ ಅಂಕ. ಅದು ತಂಡದ ಮೊತ್ತಕ್ಕೆ ಸೇರದು, ಅವನ ಹೆಸರಿನ ಮುಂದೆ ದಾಖಲಾಗುತ್ತದೆ. ಅಂಕದ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಸವಾರನಿಗೆ ಸಾಮಾನ್ಯವಾಗಿ ಅದಕ್ಕೂ ಹಣ ಸಲ್ಲುತ್ತದೆ. ಹೀಗಾಗಿ ಅವನು ಜೊತೆಗಾರನನ್ನು ಹಿಂದಿಕ್ಕಲು ಹೆಣಗದೆ, ಎದುರಾಳಿಯ ದಾರಿಯನ್ನು ಮುಚ್ಚುತ್ತ, ಮುಂದಿರುವವನಿಗೆ ಕಾವಲಾಗಿ ಬರುತ್ತಾನೆ.

ಅಂದು ನನಗೆ ನೆನಪಾದದ್ದು ನಮ್ಮ ಕರಾವಳಿಯ ಕಂಬಳ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ಹಾದಿಯನ್ನು) 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ಅದನ್ನು ನೂರು ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್ ಜೊತೆ ಹೋಲಿಸಿದ ಸುದ್ದಿ ಲೋಕವೆಲ್ಲ ಸುತ್ತಿತು. ಎಳೆದೊಯ್ದ ಕೋಣಗಳೂ, ಅವುಗಳನ್ನು ವರ್ಷವಿಡೀ ಸಾಕಿದ ಮನೆಯವರೂ ಆ ಸುದ್ದಿಯಲ್ಲಿ ಬಹುಮಟ್ಟಿಗೆ ಕಾಣೆಯಾಗಿದ್ದರು. ಕಂಬಳದ ಗದ್ದೆಯಲ್ಲಾದರೆ ಫಲಿತಾಂಶ ಸಾರುವಾಗ ಕೋಣಗಳ ಯಜಮಾನರ ಹೆಸರೂ ಬರುತ್ತದೆ, ಓಡಿಸಿದವರ ಹೆಸರೂ ಬರುತ್ತದೆ. ಗದ್ದೆಗೆ ಗೊತ್ತಿರುವ ಈ ಲೆಕ್ಕವನ್ನು ನಮ್ಮ ಸುದ್ದಿಮನೆಗಳು ಮರೆತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

2021ರಲ್ಲಿ ವ್ರೊಟ್ಸ್ವಾಫ್‌ನ ಸ್ಪಾರ್ಟಾ ತಂಡ 2006ರ ಬಳಿಕ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಅದೇ ವರ್ಷ ವಿಶ್ವ ಚಾಂಪಿಯನ್ ಪಟ್ಟಕ್ಕೇರಿದ ಆರ್ತ್ಯೋಮ್ ಲಗುತಾ, ಮೂರು ಬಾರಿಯ ವಿಶ್ವ ಚಾಂಪಿಯನ್ ಟೈ ವುಫಿಂಡನ್, ಇಲ್ಲಿಯೇ ಹುಟ್ಟಿ ಬೆಳೆದ ಮಾಚೇಯ್ ಯಾನೋವ್ಸ್ಕಿ, ಮೂವರೂ ತಂಡದಲ್ಲಿದ್ದರು. ಆದರೆ ಇಂಥ ಘಟಾನುಘಟಿಗಳಿದ್ದರೂ ತಂಡದಲ್ಲಿ 21 ವರ್ಷದೊಳಗಿನ ಇಬ್ಬರು ಪೋಲಿಷ್ ಹುಡುಗರು ಇರಲೇಬೇಕು, ಪ್ರತಿ ಪಂದ್ಯದ ಎರಡನೆಯ ಓಟ ಕೇವಲ ಅಂಥ ಹುಡುಗರದು. ಅವರ ಅಂಕಕ್ಕೂ ವಿಶ್ವ ಚಾಂಪಿಯನ್ನನ ಅಂಕಕ್ಕೂ ತೂಕ ಒಂದೇ. ಅಲ್ಲಿ 5–1ರಿಂದ ಸೋತರೆ ಆ ನಾಲ್ಕು ಅಂಕದ ಕೊರತೆಯನ್ನು ತುಂಬಲು ದೊಡ್ಡವರು ಬೆವರು ಸುರಿಸಬೇಕಾಗುತ್ತದೆ. ಆದ್ದರಿಂದಲೇ ಕ್ಲಬ್ಬುಗಳು ಹದಿಹರೆಯದವರಿಗೆ ಬೈಕು ಕೊಟ್ಟು, ತರಬೇತುದಾರರನ್ನಿಟ್ಟು ಬೆಳೆಸುತ್ತವೆ.

ನಮ್ಮ ಐಪಿಎಲ್ ಕ್ರಿಕೆಟ್‌ನಲ್ಲೂ 2008ರ ಮೊದಲ ಆವೃತ್ತಿಯಲ್ಲಿ ಆಯಾ ಪ್ರದೇಶದ ಆಟಗಾರರನ್ನೂ 22 ವರ್ಷದೊಳಗಿನವರನ್ನೂ ಸೇರಿಸಿಕೊಳ್ಳಬೇಕೆಂಬ ಕಟ್ಟಳೆಯಿತ್ತು, ಈಗ ಅದಿಲ್ಲ. 2025ರಲ್ಲಿ ಬೆಂಗಳೂರು ತಂಡ ಐಪಿಎಲ್ ಕಪ್ ಗೆದ್ದ ರಾತ್ರಿ ನಾನೂ ಇಲ್ಲಿ ಕುಣಿದಿದ್ದೇನೆ. ಆದರೂ ಕರ್ನಾಟಕದ ಇಬ್ಬರು ಎಳೆಯರು ಆ ಹನ್ನೊಂದರಲ್ಲಿ ಇರಲೇಬೇಕೆಂಬ ನಿಯಮ ಇದ್ದಿದ್ದರೆ, ರಾಯಚೂರಿನಲ್ಲಿಯೋ ಹಾವೇರಿಯಲ್ಲಿಯೋ ಹುಡುಗರಿಗೆ ಒಳ್ಳೆಯ ಪಿಚ್ ಹಾಕಿಸಿ, ಕೋಚ್ ನೇಮಿಸುವ ಹೊಣೆ ಆ ತಂಡದ ಮೇಲೆಯೇ ಬೀಳುತ್ತಿತ್ತು.