ಡಿಎನ್ಎ ಪಟ್ಟಿ ನೋಡಿ ನಂಟು ಹೇಳಬಹುದೇ?

ಪರ: ಲೆಕ್ಕ ಗೊತ್ತಿದ್ದರೆ ಹೇಳಬಹುದು

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಭಾರತದಿಂದ ಸ್ವೀಡನ್, ನೆದರ್‌ಲ್ಯಾಂಡ್ಸ್‌ಗೆ ದತ್ತು ಹೋದ ಮಕ್ಕಳಿಗೆ ಈಗ ನಡುವಯಸ್ಸು. ಹಲವರ ಕಡತದಲ್ಲಿ ಹೆತ್ತವರ ಹೆಸರೇ ಇಲ್ಲ. ಅಂಥವರ ಕೈಯಲ್ಲಿ ಉಳಿದಿರುವುದು ಅವರ ಎಂಜಲು ಮಾತ್ರ.

ಡಿಎನ್ಎ ಪರೀಕ್ಷೆಗೆ ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು ಕೊಳವೆಗೆ ಉಗುಳಬೇಕು. ಪ್ರಯೋಗಾಲಯ ಡಿಎನ್ಎಯ ಆರೇಳು ಲಕ್ಷ ಬಿಂದುಗಳನ್ನು ಓದಿ, ಪರೀಕ್ಷೆ ಮಾಡಿಸಿದ ಇತರರಲ್ಲಿ ಯಾರ ಜತೆ ಎಷ್ಟು ಉದ್ದದ ತುಣುಕುಗಳು ಹೊಂದುತ್ತವೆ ಎಂದು ಸೆಂಟಿಮಾರ್ಗನ್ (ಡಿಎನ್ಎ ತುಣುಕಿನ ಉದ್ದದ ಅಳತೆ) ಲೆಕ್ಕದಲ್ಲಿ ಪಟ್ಟಿ ಕೊಡುತ್ತದೆ. ತಾಯಿ-ಮಗುವಿನ ನಡುವೆ ಸುಮಾರು 3,400ಕ್ಕೂ ಮೇಲೆ. ಒಡಹುಟ್ಟಿದವರಲ್ಲಿ ಸರಾಸರಿ 2,600. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳಲ್ಲಿ 850ರ ಆಸುಪಾಸು. ಮುತ್ತಜ್ಜ ಒಬ್ಬನೇ ಆದವರಲ್ಲಿ 230.

1,750 ಬಂದರೆ ಅಜ್ಜನೋ, ಚಿಕ್ಕಮ್ಮನೋ, ಒಂದೇ ತಂದೆಯ ಬೇರೆ ತಾಯಿಯ ಮಗಳೋ ಎಂಬ ಗೊಂದಲ ನಿಜ. (ಕನ್ನಡಕ್ಕೆ ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ, ಸೆಂಟಿಮಾರ್ಗನ್ನಿಗೆ ಎರಡೂ ಒಂದೇ.) ಆದರೆ ಆ ಒಂದು ಅಂಕಿಯನ್ನೇ ಹಿಡಿದು ಕೂರುವವರು ಹೊಸಬರು. ಮೊದಲು ವಯಸ್ಸು ನೋಡಿ, ಆಮೇಲೆ ಎಕ್ಸ್ ವರ್ಣತಂತು. ತಂದೆಗೆ ಇರುವುದು ಒಂದೇ ಎಕ್ಸ್, ಅದು ಎಲ್ಲ ಹೆಣ್ಣುಮಕ್ಕಳಿಗೂ ಇಡಿಯಾಗಿ ಹೋಗುತ್ತದೆ. ಹಾಗಾಗಿ ಇಬ್ಬರು ಹೆಂಗಸರ ಎಕ್ಸ್ ಹೊಂದಾಣಿಕೆ ನಡುವೆ ಎಲ್ಲಿ ತುಂಡಾದರೂ ಅವರು ಒಬ್ಬ ತಂದೆಯ ಮಕ್ಕಳಲ್ಲ.

ಹತ್ತಿರದವರು ಸಿಗದಿದ್ದರೂ ದಾರಿ ಇದೆ. 90ರಿಂದ 400 ಸೆಂಟಿಮಾರ್ಗನ್ ಹೊಂದುವವರ ಪಟ್ಟಿ ಮಾಡಿ, ತಮ್ಮ ತಮ್ಮಲ್ಲೂ ಹೊಂದುವವರಿಗೆ ಒಂದೊಂದು ಬಣ್ಣ ಕೊಡಿ. ಸಾಮಾನ್ಯವಾಗಿ ನಾಲ್ಕು ಬಣ್ಣ ಬರುತ್ತವೆ: ಅಜ್ಜ-ಅಜ್ಜಿಯರು ನಾಲ್ವರಿಗೆ ಒಂದೊಂದು. ಒಂದೇ ಬಣ್ಣದವರ ವಂಶವೃಕ್ಷಗಳು ಮೇಲೆ ಎಲ್ಲಿ ಕೂಡುತ್ತವೆ ಎಂದು ಹುಡುಕಿ, ಅಲ್ಲಿಂದ ಕೆಳಗಿಳಿದು ಬನ್ನಿ. ಎರಡು ಬಣ್ಣಗಳ ಕುಟುಂಬಗಳು ಮದುವೆಯಲ್ಲೋ, ಒಂದೇ ಊರಿನಲ್ಲೋ ಸೇರುವ ಜಾಗವೇ ನಿಮಗೆ ಬೇಕಾದದ್ದು. ಕೊನೆಗೆ ಆ ಮನೆಯ ಒಬ್ಬರನ್ನು ಒಪ್ಪಿಸಿ ಪರೀಕ್ಷೆ ಮಾಡಿಸಿದರೆ, ಅಂಕಿ ಕೂಡಿತೋ ಇಲ್ಲವೋ ತಿಳಿಯುತ್ತದೆ. ಕೂಡದಿದ್ದರೆ ಪಕ್ಕದ ಕೊಂಬೆಗೆ ಹೋಗಬೇಕು, ಅಷ್ಟೇ.

ವಿರೋಧ: ಆ ಲೆಕ್ಕ ನಮ್ಮ ಮನೆಗಳದ್ದಲ್ಲ

ಮೇಲಿನ ಸರಾಸರಿಗಳೆಲ್ಲ ಗಂಡ-ಹೆಂಡತಿ ರಕ್ತಸಂಬಂಧಿಗಳಲ್ಲ ಎಂಬ ಊಹೆಯ ಮೇಲೆ ನಿಂತಿವೆ. ಅಕ್ಕನ ಮಗಳನ್ನೋ ಮಾವನ ಮಗಳನ್ನೋ ತರುವ ರೂಢಿ ಇರುವ ಕರ್ನಾಟಕದಲ್ಲಿ ಆ ಊಹೆ ಮೊದಲ ಹೆಜ್ಜೆಗೇ ಮುಗ್ಗರಿಸುತ್ತದೆ.

ಅಕ್ಕನ ಮಗಳನ್ನು ಮದುವೆಯಾದವನ ಮಗುವನ್ನೇ ತೆಗೆದುಕೊಳ್ಳಿ. ಆ ಅಕ್ಕ ಮಗುವಿಗೆ ತಾಯಿಯ ಕಡೆಯಿಂದ ಅಜ್ಜಿ, ತಂದೆಯ ಕಡೆಯಿಂದ ಸೋದರತ್ತೆ. ತಾಯಿಯ ಮೂಲಕ ಅರ್ಧ ಜೀನೋಮಿನಲ್ಲಿ (ಅಂದರೆ ಇಡೀ ಡಿಎನ್ಎಯ ಅರ್ಧದಲ್ಲಿ) ಹೊಂದಿಕೆ, ತಂದೆಯ ಮೂಲಕವೂ ಅರ್ಧದಲ್ಲಿ. ಎರಡೂ ಒಂದರ ಮೇಲೊಂದು ಬೀಳುವ ಕಾಲುಭಾಗ ಕಳೆದರೆ ಶೇ 75. ಅಂದರೆ ಸುಮಾರು 2,600 ಸೆಂಟಿಮಾರ್ಗನ್. ಪಟ್ಟಿಯ ಪ್ರಕಾರ ಅಜ್ಜಿ ಈಗ ಒಡಹುಟ್ಟಿದ ಅಕ್ಕ! ವ್ಯತ್ಯಾಸ ಕಾಣಬೇಕಾದರೆ ತಾಯಿಯಿಂದ ಬಂದ ಪ್ರತಿ, ತಂದೆಯಿಂದ ಬಂದ ಪ್ರತಿ ಎರಡರಲ್ಲೂ ಹೊಂದುವ ಭಾಗ ನೋಡಬೇಕು: ನಿಜವಾದ ಒಡಹುಟ್ಟಿದವರಲ್ಲಿ ಅದು ಶೇ 25, ಇಲ್ಲಿ ಶೇ 12.5. ಡಿಎನ್ಎ ಕಡತಗಳನ್ನು ಹೋಲಿಸುವ ಜೆಡ್‌ಮ್ಯಾಚ್‌ನಂಥ ತಾಣಕ್ಕೆ ಪರೀಕ್ಷೆಯ ಕಚ್ಚಾ ಕಡತ ಏರಿಸಿ ಇದನ್ನು ತೆಗೆಯಬಹುದು. ಮೊಬೈಲಿನಲ್ಲಿ ಫಲಿತಾಂಶ ನೋಡಿ ಸುಮ್ಮನಾಗುವವರು ಅಷ್ಟು ದೂರ ಹೋಗುವುದಿಲ್ಲ.

ನಾಲ್ಕು ಬಣ್ಣದ ಉಪಾಯವೂ ಇಲ್ಲಿ ನಡೆಯುವುದಿಲ್ಲ. ತಂದೆಯ ಅಪ್ಪ-ಅಮ್ಮನೇ ತಾಯಿಗೆ ಅಜ್ಜ-ಅಜ್ಜಿ ಆದಾಗ ಒಬ್ಬನೇ ನೆಂಟ ಎರಡು ಮೂರು ಬಣ್ಣಕ್ಕೆ ಸೇರುತ್ತಾನೆ. ಮದುವೆ ಹತ್ತಿರದ್ದಲ್ಲದಿದ್ದರೂ, ಶತಮಾನಗಳಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದ ಚಿಕ್ಕ ಸಮುದಾಯಗಳಲ್ಲಿ ಏಳೆಂಟು ಸೆಂಟಿಮಾರ್ಗನ್ನಿನ ಚೂರುಗಳು ಹತ್ತಾರು ಸೇರಿ 70 ತೋರಿಸುತ್ತವೆ. ತಾಣ ಅದನ್ನು ಮುತ್ತಜ್ಜನ ತಂದೆ ಒಬ್ಬನೇ ಆದವರ ನಂಟು ಎನ್ನುತ್ತದೆ, ಮೂಲ ಅದಕ್ಕೂ ಬಹಳ ಹಿಂದಿನದಾಗಿರಬಹುದು. ಇಲ್ಲಿ ಒಟ್ಟು ಮೊತ್ತ ಬಿಟ್ಟು ಅತಿ ಉದ್ದದ ಒಂದೇ ತುಣುಕು ಎಷ್ಟಿದೆ ಎಂದು ನೋಡಬೇಕು. ಅದೂ ಹತ್ತರ ಒಳಗಿದ್ದರೆ ಆ ಹೆಸರಿನ ಹಿಂದೆ ಹೋಗುವುದು ವ್ಯರ್ಥ.

ಇನ್ನು ಒಪ್ಪಿಗೆಯ ಮಾತು. ಭಾರತದ ದತ್ತು ನಿಯಮದಲ್ಲಿ 18 ತುಂಬಿದ ದತ್ತುಮಗು ತಾನೇ ಮೂಲ ಹುಡುಕಬಹುದು, ಮೂರನೆಯವರ ಮೂಲಕ ಹುಡುಕಿಸುವಂತಿಲ್ಲ. ಡಿಎನ್ಎ ತಾಣಕ್ಕೆ ಅಂಥ ಬೇಲಿ ಇಲ್ಲ. ಮಗು ಕೊಟ್ಟ ವಿಷಯ ಮನೆಯಲ್ಲಿ ಯಾರಿಗೂ ಹೇಳದ ಹೆಂಗಸಿನ ಗುಟ್ಟು, ತಂಗಿಯ ಮೊಮ್ಮಗ ಒಂದು ಕಿಟ್ ತರಿಸಿದ ದಿನ ಹೊರಬೀಳುತ್ತದೆ. ಪಟ್ಟಿಯಲ್ಲಿ ಒಬ್ಬರು ಇದ್ದರೆ ಇಡೀ ಕುಟುಂಬ ಇದ್ದಂತೆ: 2023ರಲ್ಲಿ ಡಿಎನ್ಎ ಪರೀಕ್ಷಾ ಕಂಪನಿ 23ಆಂಡ್‌ಮಿಯ ಸುಮಾರು 14,000 ಖಾತೆಗಳಿಗೆ ನುಗ್ಗಿದವರಿಗೆ, ನೆಂಟರ ಪಟ್ಟಿಗಳ ಮೂಲಕ ಸುಮಾರು 69 ಲಕ್ಷ ಜನರ ವಿವರ ಸಿಕ್ಕಿತು. 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಆಸ್ತಿ ಪಾಲಿಗೆ ಈ ಪಟ್ಟಿ ಹಿಡಿದು ಕೋರ್ಟಿಗೆ ಹೋಗುವವರಿಗೂ ಒಂದು ಮಾತು. ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮು ಮದುವೆಯೊಳಗೆ ಹುಟ್ಟಿದ ಮಗು ಗಂಡನದ್ದೇ ಎನ್ನುತ್ತದೆ. ಆ ಅವಧಿಯಲ್ಲಿ ಗಂಡ-ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸಿದರಷ್ಟೇ ವಿನಾಯಿತಿ. ಕೋರ್ಟೇ ಪರೀಕ್ಷೆಗೆ ಆದೇಶಿಸಿದಾಗ ಮಾದರಿಯನ್ನು ಗುರುತು ನೋಡಿ, ಸಾಕ್ಷಿಗಳ ಎದುರು ತೆಗೆದು, ಮೊಹರು ಹಾಕುತ್ತಾರೆ. ಅಂಚೆಯಲ್ಲಿ ಕಳಿಸಿದ ಕೊಳವೆಯಲ್ಲಿದ್ದ ಎಂಜಲು ಯಾರದ್ದು ಎಂಬುದಕ್ಕೇ ಪುರಾವೆ ಇಲ್ಲ.