ಬಿಪಿ ಇದ್ದವರು ಪ್ಲಾಸ್ಮಾ ಕೊಡಬಾರದಾ? ಹಾಗೇನಿಲ್ಲ

"ಬಿಪಿ ಇದ್ದವರು ಪ್ಲಾಸ್ಮಾ ಕೊಡಲೇಬಾರದು, ಕೊಡೋದಾದ್ರೆ ಎರಡು ದಿನ ಮೊದಲೇ ಮಾತ್ರೆ ಬಿಡಬೇಕು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು. ಪ್ಲಾಸ್ಮಾ ಅಂದರೆ ರಕ್ತದಲ್ಲಿರುವ ದ್ರವ ಭಾಗ. ಮಾತ್ರೆಯಿಂದ ಬಿಪಿ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ಕೊಡಬಹುದು. ಮುಖ್ಯವಾಗಿ ನೋಡುವುದು ಅವತ್ತು ತೋಳಿಗೆ ಪಟ್ಟಿ ಸುತ್ತಿದಾಗ ಬರುವ ಅಂಕಿ. ಅದು 180/100 ದಾಟಿದರೆ ಪ್ಲಾಸ್ಮಾ ತಗೊಳ್ಳುವ ಅನೇಕ ಕೇಂದ್ರಗಳಲ್ಲಿ ವಾಪಸ್ ಕಳಿಸುತ್ತಾರೆ, ಕೆಲವು ಕಡೆ ಮಿತಿ ಇನ್ನೂ ಕಡಿಮೆ. ಮೆಟ್ಟಿಲು ಹತ್ತಿ ಓಡಿಬಂದು ಕೂತ ತಕ್ಷಣ ನೋಡಿದರೆ ಅಂಕಿ ಸುಮ್ನೆ ಜಾಸ್ತಿ ಬರುತ್ತದೆ, ಹಾಗಾಗಿ ಪಾದ ನೆಲಕ್ಕೂರಿ, ಬೆನ್ನು ಒರಗಿಸಿ ಐದು ನಿಮಿಷ ಸುಧಾರಿಸಿಕೊಳ್ಳಿ. ಮಾತ್ರೆ ಮಾತ್ರ ದಯವಿಟ್ಟು ಬಿಡಬೇಡಿ. ಬಿಟ್ಟರೆ ಬಿಪಿ ದಿಢೀರ್ ಏರಬಹುದು, ಅಪಾಯ ಇರೋದು ಅಲ್ಲೇ ಅಲ್ವಾ? ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಅಲ್ಲಿನವರಿಗೆ ಮುಚ್ಚಿಡದೆ ಹೇಳಿ. ಪ್ಲಾಸ್ಮಾದಲ್ಲಿ ಶೇ. 90ರಷ್ಟು ನೀರೇ ಇರುವುದರಿಂದ ಕೊಟ್ಟ ಮೇಲೆ ತಲೆ ಸುತ್ತಬಹುದು. ನಿಧಾನವಾಗಿ ಏಳಿ, ನೀರು ಕುಡಿಯಿರಿ.