ಅಂಗಡಿ ತೆರೆಯುವ ಹೊತ್ತಿಗೇ ಮೀಟಿಂಗಾ?

ದೂರದ ಸೇಲ್ಸ್ ತಂಡಕ್ಕೆ ಬೆಳಿಗ್ಗೆ, ಸಂಜೆ ವಿಡಿಯೋ ಕಾಲ್ ಕಡ್ಡಾಯ ಮಾಡಿ ಅಂತ ಲೇಖನದಲ್ಲಿ ಹೇಳಿದ್ದೀರಿ. ಸಂಜೆಯದು ಇರಲಿ, ಬೆಳಗಿನದು ಬೇಡ ಸಾರ್. ನಾನು ಜಯನಗರದಲ್ಲಿ ಕೂತು ದಾವಣಗೆರೆ, ಹುಬ್ಬಳ್ಳಿ, ಕಲಬುರಗಿ ಕಡೆಯ ಹುಡುಗರನ್ನು ನೋಡಿಕೊಳ್ಳುತ್ತೇನೆ. ಹತ್ತೂವರೆ ಹೊತ್ತಿಗೆ ಅಂಗಡಿಯವರು ಶಟರ್ ಎತ್ತಿ, ಊದುಬತ್ತಿ ಹಚ್ಚಿ ಕೂತಿರುತ್ತಾರೆ. ಆರ್ಡರ್ ಸಿಗುವುದೇ ಆಗ. ಅದೇ ಹೊತ್ತಿಗೆ ನಾವು ಕ್ಯಾಮೆರಾ ಆನ್ ಮಾಡಿ ಅಂದರೆ, ಹುಡುಗರು ಬೈಕ್ ಪಕ್ಕಕ್ಕೆ ಹಾಕಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಸ್ಲೈಡ್ ನೋಡಬೇಕು. ಸುಮ್ನೆ ದಂಡ.

ಹುರುಪು ಬರಬೇಕಾದರೆ ಇನ್ಸೆಂಟಿವ್ ಹೇಳಿದ ದಿನಕ್ಕೆ ಖಾತೆಗೆ ಬೀಳಬೇಕು. ಲೆಕ್ಕ ಅವರಿಗೂ ಕಾಣಬೇಕು. ಮಾರ್ಚ್ 31 ಹತ್ತಿರ ಬಂತು ಅಂತ ನಡುವೆ ಟಾರ್ಗೆಟ್ ಏರಿಸಿದರೆ ಯಾರು ತಾನೇ ಮೈಮುರಿದು ದುಡಿಯುತ್ತಾರೆ? ಅಂಥ ಕಂಪನಿಯಲ್ಲೂ ಇದ್ದು ಬಂದಿದ್ದೇನೆ, ಹೆಸರು ಬೇಡ ಬಿಡಿ.

ಲೇಖನದಲ್ಲಿ ಮಾರ್ಕೆಟಿಂಗ್ ವಿಷಯ ಕಮ್ಮಿ ಆಯಿತು. ಮಾರ್ಕೆಟಿಂಗ್‌ನವರು ಲೀಡ್ (ಕೊಳ್ಳಬಹುದಾದ ಗಿರಾಕಿಗಳ ವಿವರ) ಕಳಿಸಿ ಕೈ ತೊಳೆದುಕೊಳ್ಳುತ್ತಾರೆ, ಯಾವುದು ಆರ್ಡರ್ ಆಯಿತು ಅಂತ ಸೇಲ್ಸ್‌ನವರು ವಾಪಸ್ ಹೇಳುವುದಿಲ್ಲ. ಒಂದೇ ಆಫೀಸಲ್ಲಿದ್ದರೆ ಟೀ ಕುಡಿಯುವಾಗ ಜಗಳ ಆಡಿ ಸರಿ ಮಾಡಿಕೊಳ್ಳುತ್ತಿದ್ದರು, ಅಲ್ವಾ? ಈಗ ವಾರಕ್ಕೊಮ್ಮೆ ಇಬ್ಬರನ್ನೂ ಒಂದೇ ಕಾಲ್‌ನಲ್ಲಿ ಕೂರಿಸಿ, ಬಿದ್ದುಹೋದ ಲೀಡ್‌ಗಳನ್ನು ಮಾತ್ರ ಚರ್ಚೆ ಮಾಡಿಸುತ್ತೇವೆ. ಮಧ್ಯಾಹ್ನ ಊಟ ಆದ ಮೇಲೆ.